ರೇಡಿಯೋ ಹುಡುಗಿ

ನನ್ನ ಅಕ್ಕನ ಮಗಳು ರೇಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಈ ಒಂದು ಮಾತನ್ನು ಜಾತಕದ ಜೊತೆ ಬರೆದು ಕಳುಹಿಸಿದ್ದರಿಂದ ಇಷ್ಟೊಂದು ಪೇಚಾಟವಾದೀತೆಂದು ನಾವು ಯಾರೂ ಎಣಿಸಿರಲಿಲ್ಲ.

ಹುಡುಗನ ಕಡೆಯವರು ಗುಂಡ್ಲುಪೇಟೆಯವರು. "ಮನೆಗೆ ಬರುವುದು ಆಮೇಲಾಗಲಿ, ಗೋಪಾಲಸ್ವಾಮಿ ಬೆಟ್ಟದಲ್ಲಿ ದೇವರ ದರ್ಶನವೂ ಆಯಿತು, ಹುಡುಗಿಯನ್ನು ನೋಡಿದ ಹಾಗೂ ಆಯಿತು" ಎಂದರು. ಸರಿ, ಹಂಗಳ ದಾಟಿ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಿದೆವು. ಬಂಡೀಪುರದ ಹುಲಿಕಾಡಾದ್ದರಿಂದ ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಎತ್ತರ 1454 ಮೀಟರು; ವರ್ಷದ ಬಹುಪಾಲು ಮಂಜು ಮುಸುಕಿರುವುದರಿಂದಲೇ 'ಹಿಮವದ್' ಎಂಬ ವಿಶೇಷಣ. ಆ ದಿನವಂತೂ ಹುಡುಗಿ ಹಾಗಿರಲಿ, ಎದುರಿಗಿದ್ದ ಗೋಪುರವೇ ಕಾಣುತ್ತಿರಲಿಲ್ಲ.

ಕೊಳಲೂದುವ ಸ್ವಾಮಿಯ ದರ್ಶನ ಮುಗಿಸಿ ಹೊರಗೆ ಬಂದಾಗ ಹುಡುಗನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು.

"ತಪ್ಪು ತಿಳೀಬೇಡಿ. ರೇಡಿಯೋ ಕೆಲಸ ಅಂದ್ರೆ ಅಪರಾತ್ರೀಲಿ ಯಾರ್ಯಾರೋ ಫೋನ್ ಮಾಡ್ತಾರಂತೆ, ಅವರ ಜೊತೆ ನಕ್ಕು ಮಾತಾಡ್ಬೇಕಂತೆ?"

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು, ಟೀವೀಲಿ ನೋಡಿದೀವಲ್ಲ!"

ಅವರನ್ನು ಏನೆಂದು ದೂರಲಿ? ನಾನೂ ನೋಡಿದ್ದೇನೆ. ಜಾಹೀರಾತಿನ ರೇಡಿಯೋ ಹುಡುಗಿಗೆ ಕೊರಳಲ್ಲಿ ಹೆಡ್‌ಫೋನು ಒಂದು ಆಭರಣ, ಕೈಯಲ್ಲಿ ಕಾಫಿಯ ದೊಡ್ಡ ಲೋಟ. ತುಟಿ ಮೈಕಿಗೆ ತಗುಲಿರುತ್ತದೆ. ಹಾಗೆ ಮಾತನಾಡಿದರೆ ಪಕಾರ ಬಕಾರಗಳೆಲ್ಲ ಪಟಾಕಿಯಂತೆ ಸಿಡಿಯುತ್ತವೆಂಬುದು ಚಿತ್ರ ತೆಗೆಯುವವರಿಗೆ ಬೇಡ. ಅವಳಿಗೆ ಗಡಿಯಾರವಿಲ್ಲ, ಮೇಲಧಿಕಾರಿಯಿಲ್ಲ, ಬಾಯಿಗೆ ಬಂದದ್ದೇ ಕಾರ್ಯಕ್ರಮ. ಸಿನಿಮಾಗಳೂ ಹಾಗೆಯೇ. 2006ರ 'ಲಗೇ ರಹೋ ಮುನ್ನಾಭಾಯಿ'ಯಲ್ಲಿ ನಾಯಕ ರೇಡಿಯೋದ ದನಿಗೇ ಮನಸೋಲುತ್ತಾನೆ. 2017ರ 'ತುಮ್ಹಾರಿ ಸುಲು'ವಿನಲ್ಲಿ ಗೃಹಿಣಿಯೊಬ್ಬಳು ರಾತ್ರಿಯ ಕಾರ್ಯಕ್ರಮ ನಡೆಸಹೊರಟು ಮನೆಯೆಲ್ಲ ರಂಪವಾಗುತ್ತದೆ. ಎರಡರಲ್ಲೂ ವಿದ್ಯಾ ಬಾಲನ್ನೇ. ಚೆನ್ನಾಗಿಯೇ ಅಭಿನಯಿಸಿದ್ದಾರೆ, ನಮ್ಮ ಹುಡುಗಿಗೆ ಬಂದ ಕಷ್ಟ ಅದೇ.

ನಮ್ಮವಳದು ಖಾಯಂ ನೌಕರಿಯೂ ಅಲ್ಲ, ಕರೆದ ದಿನಕ್ಕೆ ಸಂಭಾವನೆ. ಬೆಳಗಿನ ಪಾಳಿಯಿದ್ದರೆ ಬೀದಿನಾಯಿಗಳು ಇನ್ನೂ ಮಲಗಿರುವಾಗಲೇ ಹೊರಡುತ್ತಾಳೆ. ಆರಕ್ಕೆ ಮುಂಚೆಯೇ ಪ್ರಸಾರ ತೆರೆಯಬೇಕು. ಒಂದು ಕಣ್ಣು ಬರೆದಿಟ್ಟ ಹಾಳೆಯ ಮೇಲೆ, ಇನ್ನೊಂದು ಸೆಕೆಂಡಿನ ಮುಳ್ಳಿನ ಮೇಲೆ. ಅರ್ಧ ನಿಮಿಷ ದನಿಯಿಲ್ಲದೆ ಹೋದರೂ ದಿನಚರಿ ಪುಸ್ತಕದಲ್ಲಿ ಕಾರಣ ಬರೆಯಬೇಕು. ಮಾತನಾಡುವುದಕ್ಕಿಂತ ಕಾಯುವುದೇ ಹೆಚ್ಚಿನ ಕೆಲಸ. ಆ ಕೋಣೆಯಲ್ಲಿ ಅವಳನ್ನು ನೋಡುವವರೂ ಇಲ್ಲ, ನಗುವವರೂ ಇಲ್ಲ. ಇದನ್ನು ಟೀವಿಯಲ್ಲಿ ತೋರಿಸಿ ಯಾವ ಸೋಪು ಮಾರಲಾದೀತು?

ಬೆಟ್ಟದ ಮೇಲೆ ನಿಂತಾಗ ಇನ್ನೊಬ್ಬ ಗೋಪಾಲಸ್ವಾಮಿಗಳ ನೆನಪು ಬಂತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರ ಇಟ್ಟುಕೊಂಡು ನಿಲಯ ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶದ ರೇಡಿಯೋ ತೆಗೆದುಕೊಂಡಿತು. ಕಾಣದ ದನಿ ಎಂದಲ್ಲವೇ ಅದರ ಅರ್ಥ? ಇದೆಲ್ಲ ಆ ತಾಯಿಗೆ ಹೇಳಹೊರಟೆ. ಅವರು ಸೆರಗು ಹೊದ್ದುಕೊಂಡು ಚಳಿ ಎಂದರು.

ಮಂಜಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. "ಮಾವ, ಬಸ್ಸು ಎಷ್ಟು ಹೊತ್ತಿಗಂತೆ?" ಎಂದು ಹುಡುಗಿ ಕೇಳಿದಳು. ಮಂಜಿನಾಚೆಯಿಂದ ಕಂಬಳಿ ಹೊದ್ದ ಮುದುಕರೊಬ್ಬರು ಹತ್ತಿರ ಬಂದರು.

"ಅವ್ವಾ, ನೀವು ಮೈಸೂರು ರೇಡಿಯೋದವರಲ್ವಾ?"

ಅವಳು ತಬ್ಬಿಬ್ಬಾಗಿ ಹೌದೆಂದಳು.

"ಹಾಲು ಕರೆಯೋ ಹೊತ್ಗೆ ನಿಮ್ಮ ದನೀನೇ ಕೇಳೋದು. ಹೋದ ವಾರ ಗಂಟಲು ಕಟ್ಟಿತ್ತಲ್ಲ, ಈಗ ವಾಸಿಯಾಯ್ತಾ?"

ಗಂಟಲು ಕಟ್ಟಿದ್ದು ನಮ್ಮ ಮನೆಯಲ್ಲೇ ಯಾರಿಗೂ ಗೊತ್ತಿರಲಿಲ್ಲ. ಅವಳ ಕಣ್ಣು ತುಂಬಿತು, ಮಂಜಿದ್ದದ್ದು ಒಳ್ಳೆಯದಾಯಿತು.

ಬಸ್ಸಿನಲ್ಲಿ ಹುಡುಗನ ತಾಯಿ ತಾವಾಗಿಯೇ ಅವಳ ಪಕ್ಕ ಬಂದು ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಳಿ ಇದ್ದ ದಿನ ಎಷ್ಟು ಗಂಟೆಗೆ ಏಳ್ತೀಯಮ್ಮಾ?" ಎಂದರು.

"ಮೂರೂವರೆಗೆ."

"ಅಯ್ಯೋ, ಹಾಗಾದ್ರೆ ಬೆಳಿಗ್ಗೆ ಕಾಫಿ ಯಾರು ಮಾಡ್ತಾರೆ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವರಿಂದ ಒಪ್ಪಿಗೆಯ ಮಾತು ಇನ್ನೂ ಬಂದಿಲ್ಲ, ಬೇಡವೆಂದೂ ಬಂದಿಲ್ಲ.