ತಲೆಯ ಮೇಲಿನ ನೆರೆಹೊರೆ

ನೆರೆಹೊರೆ, ಅಕ್ಕಪಕ್ಕ, ಬೆಳಗಾವಿಯ ಬಾಯಲ್ಲಿ ಆಜುಬಾಜು. ನೆರೆಯವರನ್ನು ಕರೆಯಲು ನಮ್ಮಲ್ಲಿರುವ ಮಾತುಗಳೆಲ್ಲ ಹೀಗೆ ಅಡ್ಡಡ್ಡವಾಗಿಯೇ ಇವೆ. ಗೋಡೆಯ ಆಚೆಯವರು, ಬೇಲಿಯ ಆಚೆಯವರು, ಓಣಿಯ ಎದುರಿನವರು. ತಲೆಯ ಮೇಲೆ ಸಂಸಾರ ಹೂಡಿರುವವರಿಗೆ ಸರಿಯಾದ ಒಂದು ಹೆಸರು ಇನ್ನೂ ಹುಟ್ಟಿಲ್ಲ. 'ಮೇಲಿನವರು' ಎನ್ನುತ್ತೇವೆ. ಹಾಗೆಂದಾಗ ದೊಡ್ಡ ಅಧಿಕಾರಿಗಳ ಮಾತೋ ದೇವರ ಮಾತೋ ಎಂಬಂತೆ ಕೇಳಿಸುತ್ತದೆ. ಅವರ ಮೇಲೆ ದೂರು ಹೇಳುವುದೂ ಹೆಚ್ಚುಕಡಿಮೆ ಅಷ್ಟೇ ಕಷ್ಟ.

ಖಾನಾಪುರದ ನಮ್ಮ ಹಂಚಿನ ಮನೆಯಲ್ಲಿ ತಲೆಯ ಮೇಲಿದ್ದದ್ದು ಅಟ್ಟ. ಅಟ್ಟದಲ್ಲಿ ಇಲಿ, ಹಂಚಿನ ಮೇಲೆ ಮಂಗ. ಜೂನ್ ಬಂತೆಂದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಮಳೆ ನುಗ್ಗಿಬರುತ್ತಿತ್ತು. ಅದು ಹಂಚಿನ ಮೇಲೆ ಸುರಿಯುವಾಗ ಒಳಗಿದ್ದವರು ಕೂಗಿ ಮಾತಾಡಬೇಕು. ರಾತ್ರಿ ಲೋಂಡಾ ಕಡೆಯಿಂದ ಬರುವ ರೈಲು ಬೇರೆ. ಇಷ್ಟೆಲ್ಲದರ ನಡುವೆ ಅಪ್ಪ ಎಪ್ಪತ್ತು ವರ್ಷ ಸುಖವಾಗಿ ನಿದ್ದೆ ಮಾಡಿದವರು. ಸದ್ದೆಂದರೆ ಆಗದ ಮನುಷ್ಯರಲ್ಲ. ಮುಂದೆ ಹೇಳುವುದನ್ನು ಓದುವಾಗ ಇದೊಂದು ನೆನಪಿರಲಿ.

2022ರಲ್ಲಿ ಅಪ್ಪನ ಮೂತ್ರಪಿಂಡಗಳು ಸೋತವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ಯಂತ್ರದ ಪಕ್ಕ ನಾಲ್ಕು ತಾಸು. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರ್. ಡಯಾಲಿಸಿಸ್ ಮುಗಿಸಿ ಬಂದವರಿಗೆ ಅಷ್ಟು ದೂರದ ಬಸ್ಸೂ ಭಾರ. ನನ್ನ ನೌಕರಿಯೂ ಬೆಳಗಾವಿಯಲ್ಲೇ ಇದ್ದುದರಿಂದ ಅನಗೋಳದ ಕಡೆ ಮೂರಂತಸ್ತಿನ ಕಟ್ಟಡವೊಂದರಲ್ಲಿ ನೆಲಮಹಡಿಯ ಮನೆ ಹಿಡಿದೆ. ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ನಮ್ಮ ಊರುಗಳಲ್ಲಿ ಬಾಡಿಗೆಯ ವರ್ಷಕ್ಕೆ ಹನ್ನೊಂದೇ ತಿಂಗಳು. ಮೆಟ್ಟಿಲು ಹತ್ತುವ ತಾಪತ್ರಯ ಇಲ್ಲವಲ್ಲ ಎಂದು ಅಪ್ಪನಿಗೆ ಸಮಾಧಾನವಾಗಿತ್ತು.

ಮೊದಲ ವಾರದಲ್ಲೇ ಮೇಲಿನ ಮನೆಯ ದಿನಚರಿ ನಮಗೆ ಬಾಯಿಪಾಠವಾಯಿತು. ರಾತ್ರಿ ಹನ್ನೆರಡರ ಸುಮಾರಿಗೆ ಬಾಗಿಲು ತೆರೆಯುತ್ತದೆ. ಕುರ್ಚಿ ಎಳೆಯುತ್ತಾರೆ. ತಾಟು ನೆಲಕ್ಕೆ ತಾಗುತ್ತದೆ. ಮತ್ತೆ ಕುರ್ಚಿ. ಆಮೇಲೆ ಕಬ್ಬಿಣದ ಮಂಚ. ಒಂದು ಗಂಟೆಗೆ ಎಲ್ಲ ತಣ್ಣಗಾಗುತ್ತದೆ. ನಾಲ್ಕಕ್ಕೆ ಸರಿಯಾಗಿ ಅಪ್ಪನ ಹಾಸಿಗೆಯ ನೇರ ಮೇಲೆ ದಪ್, ದಪ್, ದಪ್ ಎಂದು ಶುರು. ಅದು ರೊಟ್ಟಿ ಬಡಿಯುವ ಸಪ್ಪಳವೆಂದು ಉತ್ತರ ಕರ್ನಾಟಕದವರಿಗೆ ಯಾರೂ ಹೇಳಬೇಕಿಲ್ಲ. ಅದು ನಿಲ್ಲುವುದು ಏಳಕ್ಕೆ.

ಆಶ್ಚರ್ಯವೆಂದರೆ ಅಪ್ಪನಿಗೆ ರೊಟ್ಟಿಗಿಂತ ಕುರ್ಚಿಯ ಮೇಲೆಯೇ ಸಿಟ್ಟು ಹೆಚ್ಚು. "ರೊಟ್ಟಿಗೆ ಒಂದು ತಾಳ ಐತಿ. ಕುರ್ಚಿ ಯಾವಾಗ ಎಳೀತಾರೋ ಯಾರಿಗ ಗೊತ್ತು? ಅದರ ದಾರಿ ಕಾಯೂದರಾಗನ ನಿದ್ದಿ ಹೋಗತೈತಿ" ಎನ್ನುತ್ತಿದ್ದರು. ಈ ಮಾತಿನಲ್ಲಿ ಸತ್ಯವಿದೆ. ವಡಗಾವಿಯಲ್ಲಿ ಮನೆಯಲ್ಲೇ ವಿದ್ಯುತ್ ಮಗ್ಗ ಹಾಕಿಕೊಂಡ ನೇಕಾರರ ಮಕ್ಕಳು ಮಗ್ಗ ಓಡುವಾಗ ಮಲಗಿರುತ್ತಾರೆ, ಕರೆಂಟು ಹೋಗಿ ಮಗ್ಗ ನಿಂತರೆ ಏಳುತ್ತಾರೆ. ಎಡೆಬಿಡದ ಸದ್ದಿಗೆ ಕಿವಿ ಒಗ್ಗುತ್ತದೆ. ಯಾವ ಗಳಿಗೆಯಲ್ಲಾದರೂ ಬರಬಹುದಾದ ಸದ್ದಿಗೆ ಕಿವಿ ಕಾವಲು ಕೂರುತ್ತದೆ.

ಆರೋಗ್ಯವಂತರಿಗೆ ಒಂದು ರಾತ್ರಿಯ ನಿದ್ದೆ ಕೆಟ್ಟರೆ ಮರುದಿನ ಒಂದಿಷ್ಟು ಆಕಳಿಕೆ. ಡಯಾಲಿಸಿಸ್‌ನ ಮರುದಿನವೂ ಅಪ್ಪ ಊಟ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಎರಡು ತಿಂಗಳಲ್ಲಿ, "ನನ್ನ ಖಾನಾಪುರಕ್ಕ ಬಿಟ್ಟು ಬಾ, ಅಲ್ಲೇ ಏನಾಗತೈತಿ ಆಗ್ಲಿ" ಎಂಬ ಮಾತು ಬಂತು. ಅದರ ಅರ್ಥ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೇಲಿನ ಮನೆಯ ಕುರ್ಚಿಯ ಸದ್ದು ಆ ಹೊತ್ತಿಗೆ ನಮ್ಮ ಮನೆಯ ಜೀವನ್ಮರಣದ ಪ್ರಶ್ನೆಯೇ ಆಗಿಬಿಟ್ಟಿತ್ತು.

ಮನೆಯ ಮಾಲೀಕರಿಗೆ ಫೋನು ಮಾಡಿದೆ. "ಬಾಡಿಗಿ ಮನಿ ಅಂದಮ್ಯಾಲ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕ್ರಿ. ಆಗಂಗಿಲ್ಲಂದ್ರ ಒಂದು ತಿಂಗಳ ಮೊದಲ ಹೇಳ್ರಿ" ಎಂದರು. ಅವರ ದೃಷ್ಟಿಯಲ್ಲಿ ಸಮಸ್ಯೆ ಅಲ್ಲಿಗೆ ಮುಗಿಯಿತು. ನಾವು ಹೋದರೆ ಇನ್ನೊಬ್ಬರು ಬರುತ್ತಾರೆ.

ಕಾನೂನು ಏನೆನ್ನುತ್ತದೆ ಎಂದು ಪರಿಚಯದ ವಕೀಲರನ್ನು ಕೇಳಿದೆ. ನಮ್ಮಲ್ಲಿ 2000ದಿಂದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ನೆಮ್ಮದಿಯಿಂದ ಇರುವ ಹಕ್ಕೂ ಸೇರಿದೆ ಎಂದು ತೀರ್ಪು ಕೊಟ್ಟಿದೆ. ಕೇಳಿ ಧೈರ್ಯ ಬಂತು. ಆದರೆ ಧ್ವನಿವರ್ಧಕ, ಪಟಾಕಿ, ಹಾರ್ನು, ಜನರೇಟರು, ಕಟ್ಟಡ ಕಟ್ಟುವ ಯಂತ್ರ, ಇಂಥವು ಈ ನಿಯಮಗಳ ಮುಖ್ಯ ಚಿಂತೆ. ಕುರ್ಚಿ ಎಳೆಯುವುದಕ್ಕೆ, ರೊಟ್ಟಿ ಬಡಿಯುವುದಕ್ಕೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ. ಇನ್ನು ಸಾರ್ವಜನಿಕ ಉಪದ್ರವದ ಕಲಮು ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇದೆ. ಆದರೆ ಒಂದು ಮನೆಯ ಒಬ್ಬ ಮುದುಕನನ್ನು 'ಸಾರ್ವಜನಿಕರು' ಎನ್ನಲು ಬರುವುದಿಲ್ಲ. "ಪೊಲೀಸರಿಗೆ ಫೋನ್ ಮಾಡಬಹುದು, ಬರ್ತಾರ, ಇಬ್ಬರಿಗೂ ಬುದ್ಧಿ ಹೇಳಿ ಹೋಗ್ತಾರ. ಮರುದಿನದಿಂದ ಮೆಟ್ಟಿಲ ಮ್ಯಾಲ ಒಬ್ಬರ ಮುಖ ಒಬ್ಬರು ನೋಡೂದು ನಿಲ್ಲತೈತಿ, ಕುರ್ಚಿ ಎಳೆಯೂದು ನಿಲ್ಲಂಗಿಲ್ಲ" ಎಂದು ವಕೀಲರು ನಕ್ಕರು.

ಇನ್ನೊಂದು ಅಪಾಯವನ್ನು ನನಗೆ ತೋರಿಸಿದವರು ಎದುರು ಮನೆಯವರು. ನನ್ನ ಗೋಳು ಕೇಳಿ, "ಅವರ ಮಂದಿನ ಹಂಗ ಬಿಡ್ರಿ" ಎಂದರು. ಮೇಲಿನವರ ಮನೆಮಾತು ಬೇರೆ, ನಮ್ಮದು ಬೇರೆ. ಬೆಳಗಾವಿಯಂಥ ಊರಿನಲ್ಲಿ ಕುರ್ಚಿಯ ಸದ್ದು ಒಂದೇ ಒಂದು ಮೆಟ್ಟಿಲು ಏರಿದರೆ ಭಾಷೆಯ ಜಗಳವಾಗುತ್ತದೆ, ಇನ್ನೊಂದು ಏರಿದರೆ ಜಾತಿ ಧರ್ಮದ ಜಗಳ. ಒಬ್ಬರ ಮನೆಯ ಸದ್ದು ಒಂದು ಸಮುದಾಯದ ಗುಣವಾಗಿಬಿಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಊರಲ್ಲಿ ಮನೆ ಕೊಡುವಾಗ 'ಅವರಿಗೆ ಬೇಡ' ಎಂದು ಬಾಗಿಲು ಹಾಕುವವರೂ ಇಂಥ ಮಾತುಗಳನ್ನೇ ಕೂಡಿಟ್ಟುಕೊಂಡಿರುತ್ತಾರೆ. ಆ ಮಾತಿಗೆ ನಾನು ಹೂಂಗುಟ್ಟಲಿಲ್ಲ. ಕಾಂಕ್ರೀಟಿನ ಮೂಲಕ ಇಳಿದು ಬರುವ ಸಪ್ಪಳಕ್ಕೆ ಕನ್ನಡ, ಮರಾಠಿ, ಉರ್ದು ಯಾವುದೂ ಬರುವುದಿಲ್ಲ.

ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಮೇಲೆ ಹೋದೆ. ಆ ಹೊತ್ತನ್ನು ಬೇಕೆಂದೇ ಆರಿಸಿಕೊಂಡಿದ್ದೆ. ನಡುರಾತ್ರಿ ಸದ್ದಾದಾಗಲೇ ಮೇಲಕ್ಕೆ ಓಡಿದರೆ ಬಾಯಿಂದ ಬರುವುದು ಮಾತಲ್ಲ, ಸಿಟ್ಟು. ಕೆಳಗಿನಿಂದ ಬಡಿಗೆಯಿಂದ ಛತ್ತು ಕುಟ್ಟುವುದಂತೂ ಯುದ್ಧ ಸಾರಿದಂತೆ. ಬಾಗಿಲು ತೆರೆದ ಹೆಣ್ಣುಮಗಳಿಗೆ ದೂರು ಹೇಳಲಿಲ್ಲ. "ವೈನಿ, ಹತ್ತು ನಿಮಿಷ ನಮ್ಮ ಮನಿಗೆ ಬರ್ತೀರೇನು? ಹುಡುಗಗ ಇಲ್ಲೇ ಆಡಕೋತ ಇರಾಕ ಹೇಳ್ರಿ" ಎಂದೆ. ಆಕೆ ಇಳಿದು ಬಂದು ಅಪ್ಪನ ಕೋಣೆಯಲ್ಲಿ ಕೂತಳು. ಚಹಾ ಕುಡಿಯುವಷ್ಟರಲ್ಲಿ ಮೇಲೆ ಮಗ ಕುರ್ಚಿ ಎಳೆದ, ಎರಡು ಸುತ್ತು ಓಡಿದ. ಆಕೆ ಛತ್ತಿನತ್ತ ನೋಡಿ, "ಇಷ್ಟು ಕೇಳಸತೈತೇನ್ರೀ ಅಕ್ಕಾ?" ಎಂದಳು. ಸ್ವಲ್ಪ ತಡೆದು, "ನಮಗೂ ಮ್ಯಾಲಿನವರದು ಹಿಂಗ ಕೇಳಸತೈತ್ರಿ. ನಮ್ಮವು ಕೆಳಗ ಹಿಂಗ ಕೇಳಸ್ತಿರಬಹುದು ಅಂತ ತಲ್ಯಾಗ ಬಂದಿರಲಿಲ್ಲ" ಎಂದಳು.

ಆ ದಿನ ಅವರ ಮನೆಯ ಗಡಿಯಾರವೂ ತಿಳಿಯಿತು. ಗಂಡ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಡನೇ ಪಾಳಿ, ಮನೆ ಸೇರುವುದು ನಡುರಾತ್ರಿ. ಆಕೆ ಖಾನಾವಳಿಯೊಂದಕ್ಕೆ ದಿನಕ್ಕೆ ನೂರು ರೊಟ್ಟಿ ಮಾಡಿಕೊಡುತ್ತಾಳೆ, ಅವರು ಏಳಕ್ಕೆ ಒಯ್ಯಲು ಬರುತ್ತಾರೆ. ಗಂಡನಿಗೆ ಊಟ ಹಾಕಿ ಒಂದಕ್ಕೆ ಮಲಗಿದರೆ ನಾಲ್ಕಕ್ಕೆ ಏಳಬೇಕು. ನಮ್ಮ ಅಪ್ಪನಿಗೆ ಸಿಗುತ್ತಿದ್ದ ನಿದ್ದೆ ಎಷ್ಟೋ ಆಕೆಗೂ ಅಷ್ಟೇ. ರೊಟ್ಟಿ ನಿಲ್ಲಿಸಿ ಎಂದು ನಾನು ಕೇಳಲಿಲ್ಲ. ಅಪ್ಪ ನಿದ್ದೆಗೆಡಲಿ ಎಂದು ಆಕೆಯೂ ಹೇಳಲಿಲ್ಲ. ಇಬ್ಬರೂ ಸೇರಿ ಏನು ಮಾಡಬಹುದೆಂದು ನೋಡಿದೆವು.

ಇಂಥ ಸದ್ದಿನ ಗುಣ ತಿಳಿದರೆ ಅರ್ಧ ಕೆಲಸ ಆದಂತೆ. ಮಾತು, ಹಾಡು, ಟಿ.ವಿ. ಸದ್ದು ಗಾಳಿಯಲ್ಲಿ ಬರುತ್ತದೆ, ಕಿಟಕಿ ಬಾಗಿಲು ಹಾಕಿದರೆ ಕಡಿಮೆಯಾಗುತ್ತದೆ. ನೆಲಕ್ಕೆ ಬೀಳುವ ಪೆಟ್ಟು ಹಾಗಲ್ಲ. ಅದು ಸ್ಲ್ಯಾಬನ್ನೇ ನಡುಗಿಸುತ್ತದೆ, ಸ್ಲ್ಯಾಬು ಕೆಳಗಿನ ಕೋಣೆಗೆ ತಮಟೆಯ ಚರ್ಮವಾಗುತ್ತದೆ. ಕೆಳಗಿನವರು ಕಿಟಕಿ ಹಾಕಿ ಪ್ರಯೋಜನವಿಲ್ಲ. ಪೆಟ್ಟು ಬೀಳುವ ಜಾಗದಲ್ಲೇ ಮೆತ್ತನೆಯದು ಏನಾದರೂ ಇರಬೇಕು. ಹೀಗಾಗಿ ಮದ್ದು ಮೇಲಿನವರ ಕೈಯಲ್ಲಿದೆ, ನೋವು ಕೆಳಗಿನವರ ಪಾಲಿಗಿದೆ. ಮಾತುಕತೆ ಬೇಕಾಗುವುದು ಇದಕ್ಕೇ.

ಕುರ್ಚಿ, ಮಂಚದ ಕಾಲುಗಳಿಗೆ ರಬ್ಬರ್ ಬುಶ್ ಹಾಕಿದರು. ಸಿಗದ ಅಳತೆಯ ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿದರು. ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಮಡಚಿದ ಕಂಬಳಿ, ಅದರ ಕೆಳಗೆ ಎರಡು ಗೋಣಿಚೀಲ. ಕಲ್ಲು ಕೋಣೆಯ ನಡುವಿನಿಂದ ಮೂಲೆಗೆ, ಗೋಡೆ ಮತ್ತು ತೊಲೆ ಕೂಡುವ ಕಡೆಗೆ ಸರಿಯಿತು. ಅಲ್ಲಿ ಸ್ಲ್ಯಾಬು ಕಡಿಮೆ ನಡುಗುತ್ತದೆ. ನಾವು ಅಪ್ಪನ ಮಂಚವನ್ನು ಇನ್ನೊಂದು ಕೋಣೆಗೆ ಹಾಕಿದೆವು. ಡಯಾಲಿಸಿಸ್‌ನ ದಿನಗಳನ್ನು ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟೆ. ಆ ರಾತ್ರಿಗಳಲ್ಲಿ ಗಂಡ ಬರುವ ಮೊದಲೇ ಆಕೆ ನೆಲದ ಮೇಲೆ ಚಾಪೆ ಹಾಸಿ ತಾಟು ಇಡುತ್ತಾಳೆ. ಎಲ್ಲ ಸೇರಿ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಕುರ್ಚಿಯ ಕಾಟ ನಿಂತಿತು. ರೊಟ್ಟಿಯ ಸಪ್ಪಳ ಈಗ ದೂರದ ಮನೆಯದೆಂಬಂತೆ ಕೇಳಿಸುತ್ತದೆ. ಹುಡುಗ ಮಾತ್ರ ಓಡುತ್ತಾನೆ. ಓಡದೆ ಏನು ಮಾಡಿಯಾನು? ಅಂಗಳವಿದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿವೆ. ಅಪ್ಪ ಖಾನಾಪುರಕ್ಕೆ ಹೋಗುತ್ತೇನೆ ಎನ್ನುವುದನ್ನು ಬಿಟ್ಟಿದ್ದಾರೆ. ನನಗೆ ಅಷ್ಟು ಸಾಕಾಗಿತ್ತು.

ಆದರೆ ಇದನ್ನು ಇಬ್ಬರು ಹೆಂಗಸರ ಒಳ್ಳೆಯತನದ ಕತೆ ಎಂದಷ್ಟೇ ಓದಿಬಿಟ್ಟರೆ ಒಬ್ಬರು ಸುಮ್ಮನೆ ಪಾರಾಗುತ್ತಾರೆ. ನಮ್ಮಿಬ್ಬರ ನಡುವೆ ಇರುವುದು ನಾಲ್ಕೈದು ಇಂಚಿನ ಕಾಂಕ್ರೀಟು, ಅದರ ಮೇಲೆ ನುಣುಪಾದ ಟೈಲ್ಸು. ಅದನ್ನು ಹಾಕಿಸಿದವರು ನಾವಿಬ್ಬರೂ ಅಲ್ಲ. ಬಯಲುಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಹಲಗೆಯ ಮೇಲೆ ದಪ್ಪನೆಯ ಮಣ್ಣಿರುತ್ತಿತ್ತು. ಮೇಲೆ ಕಾಳು ಹರವಿ ಓಡಾಡಿದರೂ ಕೆಳಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಬಹುಮಹಡಿ ಮನೆಗಳೇ ಹೆಚ್ಚಾಗಿರುವ ದಕ್ಷಿಣ ಕೊರಿಯಾದಲ್ಲಿ ಮಹಡಿಗಳ ನಡುವಿನ ಸದ್ದಿಗೆಂದೇ ಒಂದು ಹೆಸರಿದೆ, ಕಾನೂನಿದೆ. ಅಲ್ಲಿ ಹೊಸ ಅಪಾರ್ಟ್‌ಮೆಂಟುಗಳ ಸ್ಲ್ಯಾಬು 210 ಮಿಲಿಮೀಟರಿಗಿಂತ, ಅಂದರೆ ಎಂಟು ಇಂಚಿಗಿಂತ, ತೆಳ್ಳಗಿರುವಂತಿಲ್ಲ. ಇಂಥ ತಕರಾರುಗಳಲ್ಲಿ ನಡುವೆ ನಿಂತು ಮಾತಾಡಿಸಲು 2012ರಲ್ಲಿ ಸರಕಾರವೇ ಕೇಂದ್ರ ತೆರೆಯಿತು. ಕಾಲಸಪ್ಪಳದಂಥ ಪೆಟ್ಟಿನ ಸದ್ದಿನ ಮಿತಿಯನ್ನು 2023ರಲ್ಲಿ ಹಗಲು 39, ರಾತ್ರಿ 34 ಡೆಸಿಬಲ್‌ಗೆ ಇಳಿಸಿದರು. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸದ್ದು ತಡೆಯುವ ಬಗ್ಗೆ ಒಂದು ಅಧ್ಯಾಯವಿದೆ. ಬಾಡಿಗೆಗೆಂದು ಕಟ್ಟುವ ಮನೆಗಳಲ್ಲಿ ಅದರ ಗಾಳಿಯೂ ಸುಳಿಯುವುದಿಲ್ಲ.

ಕರಾರು ಹೊಸದಾಗಿ ಬರೆಯುವ ಹೊತ್ತಿಗೆ ನಾವು ಎರಡೂ ಮನೆಯವರು ಒಂದೇ ಕಾಗದಕ್ಕೆ ಸಹಿ ಹಾಕಿ, ಮಲಗುವ ಕೋಣೆಗಳ ನೆಲಕ್ಕೆ ದಪ್ಪ ಮ್ಯಾಟ್ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳಿದೆವು. ಅವರು ಹಾಕಿಸಲಿಲ್ಲ. ಆದರೆ ಈ ಸಲ 'ಬಿಟ್ಟು ಹೋಗಿ' ಎಂದೂ ಹೇಳಲಿಲ್ಲ. ಇಬ್ಬರೂ ಒಟ್ಟಿಗೆ ಹೋದರೆ ಎರಡು ಮನೆ ಖಾಲಿ ಬೀಳುತ್ತವೆ ಎಂಬ ಲೆಕ್ಕ ಅವರಿಗೂ ಗೊತ್ತಿದೆ.

ಬಾಡಿಗೆ ಮನೆ ನೋಡಲು ಹೋದಾಗ ನಾವೆಲ್ಲ ನೀರು ಎಷ್ಟು ಹೊತ್ತು ಬರುತ್ತದೆ, ಕರೆಂಟು ಬಿಲ್ಲು ಎಷ್ಟು ಎಂದು ಕೇಳುತ್ತೇವೆ. ಇನ್ನು ಮೇಲೆ ಒಂದು ಸಲ ರಾತ್ರಿ ಹೊತ್ತಿನಲ್ಲೂ ಹೋಗಿ ನಿಂತು ನೋಡಿ. ತಲೆಯ ಮೇಲೆ ಯಾರಿದ್ದಾರೆ, ಅವರ ಕೆಲಸದ ಪಾಳಿ ಯಾವುದು ಎಂದು ಕೇಳಿ. ಕೆಳಗೆ ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲಿ ಎಷ್ಟೊತ್ತಿಗೆ ಏಳುತ್ತೀರಿ ಎಂಬುದನ್ನು ಅವರಿಗೂ ಹೇಳಿ.