ಕೊನೆಯ ವಚನವನ್ನೂ ಓದು, ತಮ್ಮಾ

ಹೊಸನಗರ

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. 137ನೇ ಕೀರ್ತನೆಯ ಕೊನೆಯ ವಚನಕ್ಕಾಗಿ ಸೆಮಿನರಿಯಲ್ಲಿ ಊಟದ ಹೊತ್ತಿಗೂ ನಿಲ್ಲದ ವಾದ ಎಂದು ಬರೆದಿದ್ದೀಯ. ವೈರಿಯ ಎಳೆಗೂಸುಗಳನ್ನು ಬಂಡೆಗೆ ಬಡಿಯುವವನನ್ನು ಹರಸುವ ಮಾತು ಅದು. ದೇವರ ವಾಕ್ಯ, ಇದ್ದ ಹಾಗೇ ಒಪ್ಪಬೇಕು ಎನ್ನುತ್ತಾನೆ ನಿನ್ನ ಗೆಳೆಯ. ನೀನು ಒರಿಗೆನನ ದಾರಿ ಹಿಡಿದಿದ್ದೀಯ: ಕೂಸು ಎಂದರೆ ಆಗಷ್ಟೇ ಮೊಳೆತ ಕೆಟ್ಟ ಯೋಚನೆ, ಬಂಡೆ ಎಂದರೆ ಕ್ರಿಸ್ತ. ಎರಡನ್ನೂ ಓದಿದೆ. ಇಬ್ಬರ ಮಾತಿನಲ್ಲೂ ಆ ಕೂಸು ನನಗೆ ಕಾಣಲಿಲ್ಲ.

ಸಂಕೇತಾರ್ಥವನ್ನು ಹಗುರ ಮಾಡುತ್ತಿಲ್ಲ. ಮಿಲಾನಿನಲ್ಲಿ ಅಂಬ್ರೋಸರ ಪ್ರಬೋಧನೆ ಕೇಳಿದ ಮೇಲೆಯೇ ಅಗಸ್ಟೀನರಿಗೆ ಹಳೆಯ ಒಡಂಬಡಿಕೆ ನುಂಗಬಹುದಾದ ತುತ್ತಾಯಿತು. ಮೂರನೇ ಶತಮಾನದಲ್ಲಿ ಒರಿಗೆನ್ ಯೆಹೋಶುವನ ಯುದ್ಧಗಳನ್ನೆಲ್ಲ ಪಾಪದ ಮೇಲಿನ ಯುದ್ಧ ಎಂದು ಓದಿದ್ದರಲ್ಲಿ, ನಮ್ಮ ದೇವರು ಹೀಗೆ ಕೊಲ್ಲಿಸುವವನಲ್ಲ ಎಂಬ ಸಂಕಟವಿದೆ. ಆ ಸಂಕಟಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಯೆಹೋಶುವನ ಕೈಗೆ ಸಿಕ್ಕ ಜೆರಿಕೋದಲ್ಲಿ ಸತ್ತ ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ದುರ್ಗುಣಗಳೇ ಆಗಿಬಿಟ್ಟರೆ ಅಲ್ಲಿ ಅಳುವವರು ಯಾರೂ ಉಳಿಯುವುದಿಲ್ಲ. ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1952ರಿಂದ 1958ರವರೆಗೆ ಅಲ್ಲಿ ಅಗೆಸಿ, ಯೆಹೋಶುವನದೆನ್ನುವ ಕಾಲಕ್ಕೆ ಆ ಜಾಗದಲ್ಲಿ ಕೋಟೆಯ ಪಟ್ಟಣವೇ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಸದ್ಯ, ನಡೆದದ್ದೇ ಅಲ್ಲ ಎಂದು ಸಮಾಧಾನಪಡಬಹುದು. ಅಲ್ಲ ಮಾರಾಯಾ, ನಡೆಯದ್ದನ್ನೂ ದೇವರ ಗೆಲುವೆಂದು ಯಾರೋ ಕೊಂಡಾಡಿ ಬರೆದರಲ್ಲ, ಅದಕ್ಕೇನು ಹೇಳೋಣ?

ನಾವು ಹುಟ್ಟಿದ ಸೀಮೆಯಲ್ಲಿ ಇಂಥ ಕಥೆಗಳನ್ನು ಎದುರಿಸುವ ಒಂದು ಅಭ್ಯಾಸವಿದೆ. ತಾಳಮದ್ದಳೆಯಲ್ಲಿ ವಾಲಿವಧೆ ಇಟ್ಟರೆ ಬಾಣ ಬಿದ್ದ ಮೇಲೇ ಪ್ರಸಂಗ ಕಾವೇರುವುದು. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ. ಒಳ್ಳೆಯ ಅರ್ಥಧಾರಿ ಆ ಪಾತ್ರಕ್ಕೆ ಕೂತರೆ ರಾಮನ ಅರ್ಥ ಹೇಳುವವರಿಗೆ ಬೆವರಿಳಿಯುತ್ತದೆ. ಪದ್ಯ ಬದಲಾಗುವುದಿಲ್ಲ, ವಾಲಿ ಸಾಯುವುದೂ ತಪ್ಪುವುದಿಲ್ಲ. ಆದರೆ ಸಾಯುವವನ ಪ್ರಶ್ನೆಯನ್ನು ಪೂರ್ತಿ ಕೇಳದೆ ಯಾರೂ ಎದ್ದು ಹೋಗುವುದಿಲ್ಲ. ರಾಮನ ಮೇಲಿನ ಭಕ್ತಿ ಅದರಿಂದ ಕಡಿಮೆಯಾದದ್ದನ್ನು ನಾನಂತೂ ಕಂಡಿಲ್ಲ.

ಪಕ್ಕದ ತೀರ್ಥಹಳ್ಳಿಯ ಕುವೆಂಪು ಇನ್ನೂ ಮುಂದೆ ಹೋದರು. ತಪಸ್ಸು ಮಾಡಿದ್ದಕ್ಕೆ ಶೂದ್ರ ಶಂಬೂಕನ ತಲೆಯನ್ನು ರಾಮ ಕಡಿದ ಉತ್ತರಕಾಂಡದ ಕಥೆ ನಿನಗೆ ಗೊತ್ತು. ಶಂಬೂಕ ಎಂದರೆ ತಮೋಗುಣ, ವಧೆ ಎಂದರೆ ಅದರ ನಾಶ ಎಂದು ಅವರು ಸುಲಭವಾಗಿ ದಾಟಿಬಿಡಬಹುದಿತ್ತು. ದಾಟಲಿಲ್ಲ. 1944ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕ ಶಂಬೂಕನೇ, ತಪಸ್ಸು ತಪಸ್ಸೇ. ರಾಮನ ಬ್ರಹ್ಮಾಸ್ತ್ರ ಆ ತಪಸ್ವಿಗೆ ಮಣಿದು, ಮಗ ಸತ್ತನೆಂದು ದೂರು ತಂದ ಬ್ರಾಹ್ಮಣನತ್ತಲೇ ತಿರುಗುತ್ತದೆ. ಅವನ ಕಣ್ಣು ತೆರೆದ ಮೇಲೆ ಸತ್ತ ಮಗನೂ ಏಳುತ್ತಾನೆ. ಹಳೆಯ ಕಥೆಯನ್ನು ಹೀಗೆ ತಿರುಗಿಸಬಾರದೆಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಮಾಸ್ತಿಯವರದು ಬರಿಯ ಹಠವಲ್ಲ. ಬೇಡವಾದದ್ದನ್ನು ಬದಲಿಸುತ್ತಾ ಹೋದರೆ ಹಿಂದಿನವರು ಮಾಡಿದ ಅನ್ಯಾಯದ ಗುರುತೇ ಅಳಿಸಿಹೋಗಬಹುದು. ಆದರೂ ನನ್ನ ಮನಸ್ಸು ಕುವೆಂಪು ಕಡೆಗೇ. ಕೊಲೆಯನ್ನು ಕೊಲೆ ಎಂದು ಓದಿದವರಿಗೆ ಮಾತ್ರ ಬಾಣವನ್ನು ತಿರುಗಿಸಬೇಕು ಅನ್ನಿಸುತ್ತದೆ.

ಬೈಬಲಿನ ಪುಟವನ್ನು ನಾವು ತಿದ್ದುವ ಹಾಗಿಲ್ಲ, ಸರಿ. ತಿದ್ದುವ ಕೈ ಅದರೊಳಗೇ ಇದೆ. ಇಜ್ರೇಲಿನಲ್ಲಿ ರಕ್ತ ಹರಿಸಿ ಅಹಾಬನ ಮನೆತನವನ್ನು ಕೊಂದು ಮುಗಿಸಿದ ಯೇಹುವನ್ನು ಅರಸುಗಳ ಎರಡನೇ ಗ್ರಂಥದ ಹತ್ತನೇ ಅಧ್ಯಾಯ ಮೆಚ್ಚಿಕೊಳ್ಳುತ್ತದೆ. ಹೋಶೇಯ ಪ್ರವಾದಿಯ ಮೊದಲ ಅಧ್ಯಾಯದಲ್ಲೇ ಅದೇ ಇಜ್ರೇಲಿನ ರಕ್ತಕ್ಕೆ ಅದೇ ಯೇಹುವಿನ ವಂಶ ಲೆಕ್ಕ ಕೊಡಬೇಕಾಗುತ್ತದೆ. ಎರಡೂ ದೇವರ ಹೆಸರಿನಲ್ಲೇ! ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಯೆಶಾಯನ 61ನೇ ಅಧ್ಯಾಯ ಓದಿದ್ದನ್ನು ಲೂಕನಲ್ಲಿ ಮತ್ತೆ ನೋಡು. ದೇವರು ಸೇಡು ತೀರಿಸುವ ದಿನದ ಮಾತು ಬರುವ ಮೊದಲೇ ಸುರುಳಿ ಸುತ್ತಿ ಕೊಟ್ಟು ಕೂತುಬಿಟ್ಟರು. ನನಗೆ ಓದುವುದನ್ನು ಕಲಿಸಿದ ಪಾಠ ಅದೇ.

ಹಾಗಾದರೆ ಕೀರ್ತನೆಯ ಆ ವಚನವನ್ನೂ ಬಿಟ್ಟುಬಿಡೋಣವೇ ಎಂದು ಕೇಳುತ್ತೀಯ. ಗುರುಗಳ ದಿನದ ಪ್ರಾರ್ಥನಾ ಪುಸ್ತಕ 1971ರಲ್ಲಿ ಹೊಸದಾಗಿ ಬಂದಾಗ 58, 83, 109ನೇ ಕೀರ್ತನೆಗಳನ್ನು ಪೂರ್ತಿ ಬಿಟ್ಟರು, 137ರ ಕೊನೆಯನ್ನೂ ಬಿಟ್ಟರು. ಇದೊಂದರಲ್ಲಿ ನನಗೆ ಒಪ್ಪಿಗೆಯಿಲ್ಲ. ಯೆಹೋಶುವನದು ಗೆದ್ದವರ ಬರಹ. ಈ ಕೀರ್ತನೆ ಜೆರುಸಲೇಮ್ ಸುಟ್ಟು, ಮಕ್ಕಳನ್ನು ಕಳೆದುಕೊಂಡು, ಪರರ ಹೊಳೆಯ ದಂಡೆಯಲ್ಲಿ ಕೂತವರ ಕೂಗು. 1964ರಲ್ಲಿ ಲಿಂಗನಮಕ್ಕಿ ಮುಗಿದು ಸಾಗರ, ಹೊಸನಗರದ ಊರುಗಳು ಶರಾವತಿಯಲ್ಲಿ ಮುಳುಗಿದವಲ್ಲ. ಮುಳುಗಡೆಯಿಂದ ಎದ್ದು ಬಂದ ಅಜ್ಜಿಯಂದಿರು ಹಾಕುತ್ತಿದ್ದ ಶಾಪ ನಿನ್ನ ಕಿವಿಗೂ ಬಿದ್ದಿದೆ. ಅದು ಸಂಕೇತವೂ ಅಲ್ಲ, ಯಾರಿಗೋ ಕೊಟ್ಟ ಅಪ್ಪಣೆಯೂ ಅಲ್ಲ. ಹಾಗೆ ಕೂಗುವವರನ್ನು ದೇವರು ತನ್ನ ಪುಸ್ತಕದಿಂದ ಹೊರಗೆ ಹಾಕಲಿಲ್ಲ.

ನಿನ್ನ ಪ್ರಬಂಧದಲ್ಲಿ ಒರಿಗೆನ್ ಇರಲಿ. ಹೋಶೇಯನನ್ನು ಅವನ ಪಕ್ಕದಲ್ಲೇ ಕೂರಿಸು. ಮುಂದೆ ಗುರುವಾಗಿ ನಮ್ಮ ಗುಡಿಯಲ್ಲಿ ಆ ಕೀರ್ತನೆ ತೆಗೆದುಕೊಂಡ ದಿನ ಕೊನೆಯ ವಚನವನ್ನೂ ಗಟ್ಟಿಯಾಗಿ ಓದು. ಯಾರ ಮಕ್ಕಳು ಸತ್ತದ್ದಕ್ಕೆ ಈ ಮಾತು ಬಂತು, ಯಾರ ಮಕ್ಕಳನ್ನು ಕೊಲ್ಲಬೇಕೆನ್ನುತ್ತದೆ, ಎರಡನ್ನೂ ಜನರಿಗೆ ಹೇಳು. ಮೊದಲ ಸಾಲಿನಲ್ಲೇ ಕೂತಿರುತ್ತೇನೆ.

ನಿನ್ನ
ಅಕ್ಕ