ಕೋವಿ ಇರುವ ಮನೆಯ ಮಾತುಗಳು

ಮೊನ್ನೆ ಮಧ್ಯಾಹ್ನ ಠಾಣೆಯಿಂದ ಕೋವಿ ವಾಪಸ್ ಬಂತು. ಚುನಾವಣೆ ಬಂತೆಂದರೆ ನಮ್ಮ ಮಲೆನಾಡಲ್ಲಿ ಬೆಳೆ ರಕ್ಷಣೆಯ ಕೋವಿ ಇಟ್ಟುಕೊಂಡವರಿಗೆ ಇದೊಂದು ಕೆಲಸ. ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಜಮಾ ಮಾಡಬೇಕು, ರಶೀದಿ ಜೋಪಾನ ಮಾಡಬೇಕು, ಎಲ್ಲ ಮುಗಿದ ಮೇಲೆ ಮತ್ತೆ ಹೋಗಿ ತರಬೇಕು. ಅಷ್ಟು ದಿನ ಮೂಲೆಯಲ್ಲಿ ನಿಂತು ನಳಿಗೆಯ ಮೇಲೆ ಸಣ್ಣಗೆ ತುಕ್ಕು ಕೂತಿತ್ತು. ಜಗಲಿಯಲ್ಲಿ ಗೋಣಿ ಹಾಸಿ, ಹಳೇ ಬನಿಯನ್ ತುಂಡಿಗೆ ಎಣ್ಣೆ ಮುಟ್ಟಿಸಿ ಒರೆಸ್ತಾ ಕೂತಿದ್ದೆ. ಕಾಫಿ ಕುಡಿಯೋಕೆ ಒಳಗೆ ಹೋಗಿ ಬರುವಷ್ಟರಲ್ಲಿ ಮಗ ಬೈಕ್ ನಿಲ್ಲಿಸಿ ಬಂದಿದ್ದ. ಕೋವಿ ಎತ್ತಿ, ಕುದುರೆ ಏರಿಸಿ, ಅಂಗಳದ ತುದಿಯ ಹಲಸಿನ ಮರಕ್ಕೆ ಗುರಿಯಿಟ್ಟು ಟ್ರಿಗರ್ ಎಳೆದೇಬಿಟ್ಟ. ಟಕ್ ಅಂತು.

ನಾನು ಕೂಗಿದ ಕೂಗಿಗೆ ಅಡುಗೆಮನೆಯಿಂದ ಇವಳು ಓಡಿಬಂದಳು.

"ಖಾಲಿ ಇದೆಯಲ್ಲ ಅಪ್ಪಯ್ಯ, ಈಗ ತಾನೇ ನೀವೇ ಒರೆಸ್ತಾ ಇದ್ರಿ" ಅಂದ ಮಗ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು.

ತಪ್ಪು ಅವನದಲ್ಲ. ಲೈಸೆನ್ಸ್ ಅವನ ಹೆಸರಿಗೆ ಮಾಡಿಸೋಣ ಅಂತ ಮನೆಯಲ್ಲಿ ಮಾತಾಗ್ತಿದೆ. ಆದ್ರೆ ಕೋವಿಯ ಜೊತೆಗೆ ಕೊಡಬೇಕಾದ ಮಾತುಗಳನ್ನು ನಾನು ಅವನಿಗೆ ಕೊಟ್ಟೇ ಇರಲಿಲ್ಲ. ಇವತ್ತಿನ ಬರಹ ಆ ಮಾತುಗಳ ಬಗ್ಗೆ. ಕೊನೆಯಲ್ಲಿ ನಾನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದ ಒಂದು ರಾತ್ರಿಯ ಸಂಗತಿಯೂ ಇದೆ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದಾಗ ಓದಿ.

ಅಜ್ಜಯ್ಯನದು ಕೇಪಿನ ಕೋವಿ. ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಈಗಿನ ಹಾಗೆ ತೋಟೆ ತುರುಕುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ಹಾಕಿ ಗಜದಿಂದ ಜಡಿಯಬೇಕು, ಮೇಲೆ ಚರೆ, ಅದರ ಮೇಲೆ ಮತ್ತೆ ನಾರು. ಕೊನೆಗೆ ಹಿಂದುಗಡೆ ಕೇಪು. ತುಂಬಿದ್ದೂ ಖಾಲಿ ಇದ್ದದ್ದೂ ಹೊರಗಿನಿಂದ ಒಂದೇ ಥರ ಕಾಣ್ತದೆ. ಅದಕ್ಕೇ ಅಜ್ಜಯ್ಯ ಕೋವಿ ಮುಟ್ಟಿದ ಕೂಡಲೇ ಕೇಪು ಇಲ್ಲವೆಂದು ನೋಡಿಕೊಂಡು, ಗಜವನ್ನು ನಳಿಗೆಯೊಳಗೆ ಬಿಟ್ಟು ನೋಡುತ್ತಿದ್ದರು. ಗಜದ ಮೇಲೆ ಕತ್ತಿಯಲ್ಲಿ ಗೀರಿದ ಒಂದು ಗುರುತು. ಖಾಲಿ ಇದ್ದರೆ ಆ ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಕೂರಬೇಕು. ಗಜ ನಾಲ್ಕು ಬೆರಳು ಮೇಲೇ ನಿಂತಿತೋ, ಒಳಗೆ ಈಡು ಇದೆ ಅಂತಲೇ. ತಾವೇ ಹಿಂದಿನ ದಿನ ತೊಳೆದಿಟ್ಟ ಕೋವಿಗೂ ಗಜ ಹಾಕುತ್ತಿದ್ದರು. ಯಾರಾದರೂ ನಕ್ಕರೆ ಹೇಳುತ್ತಿದ್ದದ್ದು: "ಖಾಲಿ ಕೋವಿ ಅಂತ ಒಂದಿಲ್ಲ ಮಾರಾಯ, ನೋಡದ ಕೋವಿ ಅಂತ ಒಂದಿದೆ."

ಅವರ ಬಾಯಲ್ಲಿ ಇಂಥವು ಸುಮಾರಿದ್ದವು. ನೆನಪಿದ್ದಷ್ಟು ಬರೀತೀನಿ.

"ನಳಿಗೆಗೂ ಕಣ್ಣಿದೆ. ಅದು ನೋಡೋ ಕಡೆ ನಿನ್ನವರು ಇರಬಾರದು." ಅದಕ್ಕೇ ನಮ್ಮ ಮನೆಯಲ್ಲಿ ಕೋವಿ ಒರೆಸಲು ಕೂರುವ ಜಾಗವೇ ಬೇರೆ. ಜಗಲಿಯ ಆ ಮೂಲೆಯಲ್ಲಿ ಕೂತರೆ ನಳಿಗೆಯ ಎದುರು ಬರುವುದು ಬರೀ ದರೆ.

"ಉಣುಗೋಲು ದಾಟೋನಿಗೆ ಎರಡು ಕೈ ಬೇಕು, ಕೋವಿ ಹಿಡಿಯೋಕೆ ಮೂರನೇ ಕೈ ಇಲ್ಲ." ಸಂಕ, ಬೇಲಿ, ಉಣುಗೋಲು, ಏನು ದಾಟುವುದಿದ್ದರೂ ಮೊದಲು ಕೇಪು ತೆಗಿ. ತೋಟೆ ಕೋವಿಯಾದರೆ ಮುರಿದು ತೋಟೆ ಜೇಬಿಗೆ ಹಾಕು. ಜಾರಿ ಬಿದ್ದು ತನ್ನ ಕೋವಿಯ ಈಡು ತನಗೇ ಬಡಿದವರ ಕತೆ ಮಲೆನಾಡಿನ ಊರಲ್ಲಿ ಹುಡುಕಬೇಕಾಗಿಲ್ಲ.

"ಸಿಡಿಯದ ಈಡು ಸತ್ತಿಲ್ಲ, ನಿದ್ದೆ ಮಾಡ್ತಿದೆ." ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದಿರುತ್ತೆ. ಕೇಪು ಟಪ್ ಅಂದು, ಈಡು ಹಾರದೆ, ಒಳಗೇ ಕಿಡಿ ಉಳಿದು, ಒಂದು ಗಳಿಗೆ ಬಿಟ್ಟು ಹಾರಬಹುದು. ಏನಾಯ್ತು ಅಂತ ಬಗ್ಗಿ ನಳಿಗೆ ನೋಡುವವನ ಗತಿ ಏನು? ಹಾಗಾಗಿ ಕೋವಿಯನ್ನು ಹಿಡಿದ ದಿಕ್ಕಿಗೇ ಹಿಡಿದುಕೊಂಡು ಮೂವತ್ತು ಎಣಿಸಬೇಕು. ಅಜ್ಜಯ್ಯ ಬಾಯಿ ಬಿಟ್ಟೇ ಎಣಿಸುತ್ತಿದ್ದರು.

"ಕುಡಿದವನ ಕೈಗೆ ಕೋವಿ ಕೊಡೋದೂ ಒಂದೇ, ಮಂಗನ ಕೈಗೆ ಕೊಳ್ಳಿ ಕೊಡೋದೂ ಒಂದೇ." ಇದಕ್ಕೆ ವಿವರಣೆ ಬೇಡ.

ಕೊನೆಯದು: "ಮೊದಲು ಹಂದಿಯ ಹಿಂದೆ ಏನಿದೆ ನೋಡು, ಆಮೇಲೆ ಹಂದಿ ನೋಡು." ಚಿಕ್ಕವನಿದ್ದಾಗ ಇದು ನನಗೆ ತಲೆಕೆಳಗಾದ ಮಾತು ಅನ್ನಿಸುತ್ತಿತ್ತು. ಗುರಿ ಬಿಟ್ಟು ಗುರಿಯ ಹಿಂದೆ ನೋಡೋದು ಯಾವ ಲೆಕ್ಕ? ಆಮೇಲೆ ಗೊತ್ತಾಯ್ತು. ದಪ್ಪ ಗುಂಡು ಹಂದಿಗೆ ತಾಗದೇ ಹೋದರೆ ಅಲ್ಲೇ ಬಿದ್ದುಬಿಡುವುದಿಲ್ಲ. ನೂರಾರು ಮೀಟರ್ ಹೋಗುತ್ತೆ. ಅದು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಹೊಡೆಯುವ ಮೊದಲೇ ನಾವು ತೀರ್ಮಾನ ಮಾಡಿರಬೇಕು.

ಮೊನ್ನೆ ಬೈಸಿಕೊಂಡ ಮಗ ರಾತ್ರಿ ಮೊಬೈಲ್ ತಂದು ತೋರಿಸಿದ. ಅಮೆರಿಕದಲ್ಲಿ ಜೆಫ್ ಕೂಪರ್ ಅಂತ ಒಬ್ಬರಿದ್ದರಂತೆ. ಅಲ್ಲಿನ ಮರೀನ್ ಪಡೆಯಲ್ಲಿದ್ದವರು, 1976ರಲ್ಲಿ ಅರಿಝೋನಾದಲ್ಲಿ ಕೋವಿ ಕಲಿಸುವ ಶಾಲೆ ತೆರೆದವರು, 2006ರಲ್ಲಿ ತೀರಿಕೊಂಡರು. ಅವರು ಹೇಳಿಕೊಟ್ಟ ನಾಲ್ಕು ನಿಯಮಗಳನ್ನು ಜಗತ್ತಿನ ಎಷ್ಟೋ ಕಡೆ ಕೋವಿ ಹಿಡಿಯುವವರು ಬಾಯಿಪಾಠ ಮಾಡ್ತಾರೆ. ಎಲ್ಲ ಕೋವಿಯೂ ತುಂಬಿದೆ ಅಂತಲೇ ತಿಳಿ. ಹೊಡೆದು ಹಾಳುಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡ. ಗುರಿ ಸಿಗುವ ತನಕ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿ ಏನು, ಅದರ ಹಿಂದೆ ಏನು ಅಂತ ಖಾತ್ರಿ ಮಾಡಿಕೋ. ಇಷ್ಟೇ.

ನಾನು ನಕ್ಕೆ. ಕೂಪರ್ ಹೆಸರನ್ನೇ ಕೇಳದ ನಮ್ಮ ಅಜ್ಜಯ್ಯನದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಊರು ಯಾವುದಾದರೇನು, ಕೋವಿ ಮಾಡುವ ಅನಾಹುತ ಒಂದೇ ಥರದ್ದು, ಅದರಿಂದ ಹುಟ್ಟಿದ ಮಾತೂ ಒಂದೇ ಥರ. ಈ ನಾಲ್ಕು ನಿಯಮದಲ್ಲಿ ಒಂದು ಉಪಾಯ ಇದೆ, ಗಮನಿಸಿ. ಒಂದನ್ನು ಮರೆತರೂ ಉಳಿದದ್ದು ಕಾಯುತ್ತೆ. ಮರೆತು ಬೆರಳು ಒತ್ತಿಹೋದರೂ ನಳಿಗೆ ದರೆಯ ಕಡೆಗಿದ್ದರೆ ಮಣ್ಣು ಹಾರುತ್ತೆ ಅಷ್ಟೆ. ಸಾಮಾನ್ಯವಾಗಿ ಎರಡು ಒಟ್ಟಿಗೆ ತಪ್ಪಿದಾಗಲೇ ಹೆಣ ಬೀಳುವುದು.

ಕೋವಿಯ ವಿಷಯ ಬಂದಾಗ ಕೊಡಗನ್ನು ಬಿಡೋ ಹಾಗಿಲ್ಲ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಭೂಮಿ ಇರುವವರಿಗೆ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದರು, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಆಕಾಶಕ್ಕೆ ಹಾರಿಸುವ ಕ್ರಮ ಅವರದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು, ತೋಕ್ ಪೂ ಇಟ್ಟು ಪೂಜೆ ಮಾಡ್ತಾರೆ. ನಮ್ಮಲ್ಲಿ ಆಯುಧಪೂಜೆಗೆ ಕುಂಕುಮ ಹಚ್ಚಿದ ಹಾಗೆ. ಕೋವಿಯನ್ನು ದಾಟಬಾರದು, ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕು ಅಂತ ಅಮ್ಮ ಹೇಳುತ್ತಿದ್ದಳು. ಮೂಢನಂಬಿಕೆ ಅನ್ನಿ ಬೇಕಾದರೆ. ಆದರೆ ನಮಸ್ಕಾರ ಮಾಡಿದ ವಸ್ತುವನ್ನು ಯಾರೂ ಆಟಕ್ಕೆ ಎತ್ತಿಕೊಳ್ಳುವುದಿಲ್ಲ.

ಇಷ್ಟೂ ಒಳ್ಳೆ ಮಾತುಗಳು. ಆದರೆ ಕೋವಿ ಹಿಡಿದವರ ಬಾಯಲ್ಲಿ ಅಪಾಯದ ಲೆಕ್ಕಗಳೂ ಇವೆ. ಅದರಲ್ಲಿ ಒಂದನ್ನು ನಂಬಿ ನಾನು ಕೆಟ್ಟೆ.

ರಾತ್ರಿ ಬ್ಯಾಟ್ರಿ ಬಿಟ್ಟರೆ ದನದ ಕಣ್ಣು ಹೊಳೆಯುತ್ತೆ. ನಾಯಿ, ಬೆಕ್ಕು, ಕಡ, ಚಿರತೆ, ಎಲ್ಲದರ ಕಣ್ಣೂ ಹೊಳೆಯುತ್ತೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಕನ್ನಡಿಯಂತೆ ತಿರುಗಿಸುವ ಒಂದು ಪದರ ಇರೋದೇ ಕಾರಣ. ಹಂದಿಗೆ ಆ ಪದರ ಇಲ್ಲ. ಹಾಗಾಗಿ ಷಿಕಾರಿಯವರ ಲೆಕ್ಕ ಒಂದಿತ್ತು: "ಕಪ್ಪಗಿದೆ, ಕಣ್ಣು ಹೊಳೀತಿಲ್ಲ ಅಂದ್ರೆ ಹಂದಿ."

1998. ದೀಪಾವಳಿಗೆ ಇನ್ನೊಂದು ವಾರ ಇತ್ತು. ಭತ್ತ ಹಾಲುಗಾಳಾಗಿತ್ತು. ಹಂದಿ ಹಿಂಡು ಮೂರು ರಾತ್ರಿ ನುಗ್ಗಿ ಎರಡು ಗದ್ದೆ ಹೊರಳಾಡಿ ಚಾಪೆ ಮಾಡಿ ಹೋಗಿತ್ತು. ಅಪ್ಪಯ್ಯನಿಗೆ ಹುಷಾರಿಲ್ಲ, ಸೊಸೈಟಿ ಸಾಲ ತಲೆಮೇಲೆ. ನಾನು ಹರೆಯದವನು, ಮೈಯೆಲ್ಲ ಸಿಟ್ಟು. ಹಂದಿ ಹೊಡೆಯಲು ಕಾನೂನಿನ ಪ್ರಕಾರ ಅನುಮತಿ ಬೇಕು. ನನ್ನ ಹತ್ತಿರ ಇರಲಿಲ್ಲ. ಅದನ್ನೂ ಮುಚ್ಚಿಡೋದಿಲ್ಲ. ತೋಟೆ ಕೋವಿ ಹಿಡಿದು ಗದ್ದೆ ಕಾಯುವ ಮಾಳದಲ್ಲಿ ಕೂತಿದ್ದೆ. ಅಕಾಲದ ಮಳೆ ಸುರೀತಿತ್ತು.

ಮೂರು ಗಂಟೆ ಹೊತ್ತಿಗೆ ಕೆಳಗಿನ ಗದ್ದೆಯಲ್ಲಿ ಗೊಚಗೊಚ ಶಬ್ದ ಕೇಳಿತು. ಕೆಸರು ಅಗೆಯುವ ಶಬ್ದ. ಒಂದೇ ಕ್ಷಣ ಬ್ಯಾಟ್ರಿ ಬಿಟ್ಟೆ. ಕಪ್ಪಗೆ, ಬಗ್ಗಿದ ಬೆನ್ನು. ಕಣ್ಣು ಹೊಳೆಯಲಿಲ್ಲ. ಕುದುರೆ ಏರಿಸಿದೆ. ಬೆರಳು ಟ್ರಿಗರಿಗೆ ಹೋಗಿಯಾಗಿತ್ತು.

ಆಗ ಕಂಡಿದ್ದು ಅದರ ಹಿಂದೆ, ನೂರಡಿ ದೂರದಲ್ಲಿ, ಕೆಳಮನೆಯ ಕೊಟ್ಟಿಗೆಯ ಮಿಣುಕು ದೀಪ. ಅಲ್ಲಿ ಎರಡು ಹಾಲು ಕೊಡುವ ದನ ಇವೆ. ತಪ್ಪಿದರೆ ಗುಂಡು ಸೀದಾ ಕೊಟ್ಟಿಗೆಗೆ. ಅಜ್ಜಯ್ಯನ ಮಾತು ನೆನಪಾಯಿತು ಅಂತ ಹೇಳಿದರೆ ಸುಳ್ಳಾಗುತ್ತೆ, ಕಾಲೇ ಕೆಳಗಿಳಿಯಿತು. ದರೆ ಹಿಂಬದಿಗೆ ಸಿಗುವ ಹಾಗೆ ಅಂಚಿನ ಮೇಲೆ ಎಡಕ್ಕೆ ಸರಿದೆ. ಏರಿಸಿದ ಕುದುರೆಯನ್ನು ಇಳಿಸದೆ, ಜಾರುವ ಅಂಚಿನ ಮೇಲೆ. ನಾಲ್ಕನೇ ಹೆಜ್ಜೆಗೆ ಆ ಕಪ್ಪು ಬೆನ್ನು ಕೆಮ್ಮಿತು.

ಬೀಡಿ ಸೇದುವವನ ಕೆಮ್ಮು. ಕೆಳಮನೆ ಅಣ್ಣ. ಕಂಬಳಿ ಕೊಪ್ಪೆ ಹಾಕಿಕೊಂಡು, ಗುದ್ದಲಿಯಲ್ಲಿ ಅಂಚು ಕಡಿದು ನೀರು ಬಿಡ್ತಿದ್ದ. ಮಳೆಗೆ ಗದ್ದೆ ತುಂಬಿ ತೆನೆ ಮಲಗುತ್ತೆ ಅಂತ ಎದ್ದು ಬಂದಿದ್ದ. ಮನುಷ್ಯನ ಕಣ್ಣೂ ಹಂದಿಯ ಕಣ್ಣಿನ ಹಾಗೆಯೇ, ಕತ್ತಲಲ್ಲಿ ಹೊಳೆಯುವುದಿಲ್ಲ. ಆ ಲೆಕ್ಕ ಹೇಳಿಕೊಟ್ಟವರು ಇದನ್ನು ಹೇಳಿರಲಿಲ್ಲ.

ಕುದುರೆ ಇಳಿಸೋಕೆ ಕೈ ಬರಲಿಲ್ಲ. ನಳಿಗೆಯನ್ನು ದರೆಗೆ ಒತ್ತಿಹಿಡಿದು, ಎರಡು ಕೈಯಲ್ಲಿ ಇಳಿಸಿ, ತೋಟೆ ತೆಗೆದು ಜೇಬಿಗೆ ಹಾಕಿ ಕೋವಿಯನ್ನು ಮಾಳದಲ್ಲಿಟ್ಟು ಬಂದೆ. "ಅಣ್ಣಾ" ಅಂದೆ.

"ಓ, ನೀನನಾ? ಆವಾಗ್ಲೇ ನಿನ್ನ ಬ್ಯಾಟ್ರಿ ಬೆಳಕು ಕಂಡ್ತು. ಇಲ್ಲೇ ಇದೀಯಲ, ಹಂದಿ ಹೆದರಿಕೆ ಇಲ್ಲ ಅಂತ ಧೈರ್ಯ ಆಯ್ತು ಮಾರಾಯ" ಅಂದ. ಗುದ್ದಲಿ ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಿದ. ಉಳಿದ ಅಂಚು ನಾನು ಕಡಿದೆ.

ಅವನಿಗೆ ಹೇಳಲಿಲ್ಲ. ಮಾರನೇ ವಾರದಿಂದ ಕೇರಿಯಲ್ಲಿ ಒಂದು ಕ್ರಮ ತಂದೆ: ರಾತ್ರಿ ಯಾರೇ ಗದ್ದೆಗಿಳಿದರೂ ಮೊದಲು ಒಂದು ಕೂ ಹಾಕಬೇಕು, ಮಾಳದಲ್ಲಿದ್ದವನು ತಿರುಗಿ ಕೂ ಹಾಕಬೇಕು, ಆ ಕಡೆಯಿಂದ ಮತ್ತೊಂದು ಕೂ ಬರಬೇಕು. ಯಾಕೆ ಅಂತ ಯಾರೂ ಕೇಳಲಿಲ್ಲ. ಈಗಲೂ ನಡೀತಿದೆ. ಸೋಲಾರ್ ಬೇಲಿ ಬಂದ ಮೇಲೆ ಕೋವಿಯ ಕೆಲಸ ಹೆಚ್ಚಾಗಿ ಸದ್ದು ಮಾಡಿ ಓಡಿಸೋದಕ್ಕೆ ಮಾತ್ರ. ಆದರೂ ಕೂ ಹಾಕೋದು ನಿಂತಿಲ್ಲ.

ಕೆಳಮನೆ ಅಣ್ಣ ತೀರಿಕೊಂಡು ನಾಲ್ಕು ವರ್ಷ ಆಯ್ತು. ಮಗನಿಗೆ ಹೇಳುವ ಮೊದಲು ಹೇಳಬೇಕಾದವರು ಬೇರೆ ಇದ್ದಾರೆ ಅನ್ನಿಸಿ ನಿನ್ನೆ ಬೆಳಿಗ್ಗೆ ಅಣ್ಣನ ಮಗನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅಡಿಕೆ ಸುಲೀತಿದ್ದ ಕೈ ನಿಂತಿತು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೂ ಹಾಕೋ ಕ್ರಮ ಅದಕ್ಕೇ ಬಂದಿದ್ದಾ?" ಅಂದ. ಹೌದು ಅಂದೆ. "ಇದನ್ನು ಬರೀರಿ" ಅಂದು ಮತ್ತೆ ಮೆಟ್ಟುಗತ್ತಿಗೆ ಅಡಿಕೆ ಹಿಡಿದ. ಅವನ ಒಪ್ಪಿಗೆ ಪಡೆದೇ ಬರೆದಿದ್ದೀನಿ.

ಆ ರಾತ್ರಿ ಬೆರಳಿನ ನಿಯಮ ತಪ್ಪಿದೆ, ನಳಿಗೆಯ ನಿಯಮ ತಪ್ಪಿದೆ, ಗುರಿ ಏನೆಂದು ನೋಡುವ ನಿಯಮ ತಪ್ಪಿದೆ. ಉಳಿದದ್ದು "ಹಿಂದೆ ಏನಿದೆ ನೋಡು" ಒಂದೇ. ಅದೂ ನಾನು ಯೋಚನೆ ಮಾಡಿ ಪಾಲಿಸಿದ್ದಲ್ಲ, ಅಜ್ಜಯ್ಯ ನೂರು ಸಲ ಹೇಳಿ ಕಾಲಿಗೆ ಕಲಿಸಿದ್ದು. ಈಗ ಹೊಸದಾಗಿ ಲೈಸೆನ್ಸ್ ಬೇಕಾದರೆ 2016ರ ನಿಯಮದಂತೆ ಸುರಕ್ಷತೆಯ ತರಬೇತಿ ಆಗಿರಬೇಕು. ಒಳ್ಳೆಯದೇ. ಆದರೆ ಮೂರು ಗಂಟೆಯ ಮಳೆಯಲ್ಲಿ, ಸಿಟ್ಟು ತಲೆಗೇರಿದಾಗ, ಕೆಲಸಕ್ಕೆ ಬರೋದು ಸಣ್ಣಂದಿನಿಂದ ಕೇಳಿ ಕೇಳಿ ಬೇಜಾರಾದ ಮಾತೇ.

ಮಗನಿಗೆ ಹೇಳಿದ್ದೀನಿ. ಲೈಸೆನ್ಸ್ ಮಾತು ಮುಂದಿನ ವರ್ಷಕ್ಕೆ. ಈ ಸಲದ ಭತ್ತಕ್ಕೆ ಅವನು ಮಾಳದಲ್ಲಿ ಕೂರಲಿ, ಕೋವಿ ಇಲ್ಲದೆ, ಬರೀ ಬ್ಯಾಟ್ರಿ ಹಿಡಿದು. ಕತ್ತಲಲ್ಲಿ ಏನೇನು ಹಂದಿಯ ಹಾಗೆ ಕಾಣುತ್ತೆ ಅಂತ ಲೆಕ್ಕ ಇಡಲಿ.

ನಿಮ್ಮ ಮನೆಯಲ್ಲಿ ಕೋವಿ ಇದ್ದರೆ, ಹಿರಿಯರು ಹೇಳುತ್ತಿದ್ದ ಮಾತು ಯಾವುದು? ಬರೆಯಿರಿ. ಮಗನಿಗೆ ಓದಿಸ್ತೀನಿ.